ರೆಕ್ಕೆ ಬಡಿಯೋ ಮಾಡೆಲ್ ಮಾಡ್ಬೇಕಾ? ಲಿಯೊನಾರ್ಡೊದ್ದಾ, ಪೆನೋದ್ದಾ?

ಮಕ್ಕಳ ಸೈನ್ಸ್ ಎಕ್ಸಿಬಿಷನ್‌ಗೆ ಹಕ್ಕಿ ಥರ ರೆಕ್ಕೆ ಬಡಿಯೋ ಯಂತ್ರ ಮಾಡೋಣ ಅಂತಿದ್ರೆ ಎಲ್ಲರಿಗೂ ಮೊದಲು ನೆನಪಾಗೋದು ಲಿಯೊನಾರ್ಡೊ ಡಾ ವಿಂಚಿನೇ. 1480ರ ದಶಕದಿಂದ ಅವನು ಬರೆದಿಟ್ಟ ಚಿತ್ರಗಳು ನೋಡೋಕೆ ಅದ್ಭುತ, ಬಾವಲಿ ರೆಕ್ಕೆ, ರಾಟೆ, ಹಗ್ಗ, ಮನುಷ್ಯ ಕೈಕಾಲು ಆಡಿಸಿ ರೆಕ್ಕೆ ಬಡೀಬೇಕು. ಆದ್ರೆ ಅದು ಹಾರಲ್ಲ. ನಮ್ಮ ಮೈತೂಕಕ್ಕೆ ನಮ್ಮ ಸ್ನಾಯುಗಳ ಶಕ್ತಿ ಸಾಲಲ್ಲ ಅಂತ 1680ರಲ್ಲೇ ಇಟಲಿಯ ವಿಜ್ಞಾನಿ ಬೊರೆಲ್ಲಿ ಹೇಳಿಬಿಟ್ಟಿದ್ದ.

ಫ್ರಾನ್ಸಿನ ಅಲ್ಫೋನ್ಸ್ ಪೆನೋ ಮಾತ್ರ ಮನುಷ್ಯನನ್ನ ಕೂರಿಸೋ ಗೋಜಿಗೇ ಹೋಗದೆ ಚಿಕ್ಕ ಮಾಡೆಲ್ ಮಾಡಿ, ರಬ್ಬರ್‌ನ ತಿರುಚಿ ಬಿಟ್ಟ, ಅದು ಬಿಚ್ಚಿಕೊಳ್ತಾ ಕ್ರ್ಯಾಂಕ್ (ಹಿಡಿ ಥರ ಬಗ್ಗಿಸಿದ ತಂತಿ) ತಿರುಗಿಸುತ್ತೆ, ಕ್ರ್ಯಾಂಕ್ ರೆಕ್ಕೆಗಳನ್ನ ಮೇಲೆ ಕೆಳಗೆ ಆಡಿಸುತ್ತೆ, 1874ರಲ್ಲಿ ಅದು ನಿಜವಾಗ್ಲೂ ಹಾರ್ತು! ಇವತ್ತಿಗೂ ಅಂಗಡೀಲಿ ಸಿಗೋ ರಬ್ಬರ್‌ಬ್ಯಾಂಡ್ ಹಕ್ಕಿ ಆಟಿಕೆ ಇದೇ ತತ್ವದ್ದು.

ಆಸ್ಟ್ರೇಲಿಯಾದ ಹಾರ್ಗ್ರೇವ್ ಒತ್ತಿದ ಗಾಳಿಯಿಂದ ರೆಕ್ಕೆ ಬಡಿಸಿದ್ದೂ ಚೆನ್ನಾಗಿದೆ, ಆದ್ರೆ ಮನೇಲಿ ಮಾಡೋಕೆ ಕಷ್ಟ, ಬಿಡಿ.

ಗೋಡೆ ಮೇಲೆ ತೂಗುಹಾಕಿ ಜನ ನಿಂತು ನೋಡ್ಬೇಕು ಅಂದ್ರೆ ಲಿಯೊನಾರ್ಡೊ. ಆದ್ರೆ ನಿಜವಾಗ್ಲೂ ಹಾರ್ಬೇಕು ಅಂದ್ರೆ ನನ್ನ ಓಟು ಪೆನೋಗೇ. ಬಿದಿರು ಕಡ್ಡಿ, ತೆಳು ಕಾಗದ, ತಂತಿ, ರಬ್ಬರ್‌ಬ್ಯಾಂಡ್ ಸಾಕು, ತೂಕ ಎಷ್ಟು ಕಮ್ಮಿ ಆಗುತ್ತೋ ಅಷ್ಟು ಒಳ್ಳೇದು, ಎರಡೂ ರೆಕ್ಕೆ ಒಂದೇ ಅಳತೆ ಇರ್ಲಿ, ಇಲ್ಲಾಂದ್ರೆ ಒಂದು ಕಡೆಗೇ ವಾಲ್ಕೊಂಡು ಬೀಳುತ್ತೆ.