ಹಲವು ಬಿಲ್ಡ್ ಫೈಲು, ಒಂದೇ ಸೆಟ್ಟಿಂಗ್: ಗ್ರೇಡಲ್‌ನ ನಾಲ್ಕು ದಾರಿಗಳನ್ನು ಹೋಲಿಸಿದಾಗ

ಗ್ರೇಡಲ್ ಎಂದರೆ ಕೋಡನ್ನು ಕಂಪೈಲ್ ಮಾಡಿ, ಟೆಸ್ಟ್ ಓಡಿಸಿ, ಪ್ರೋಗ್ರಾಮು ಕಟ್ಟಿಕೊಡುವ ಬಿಲ್ಡ್ ಸಾಧನ. ಅದರ ಪ್ರಾಜೆಕ್ಟಿನಲ್ಲಿ ಮಾಡ್ಯೂಲುಗಳು (ತಮ್ಮದೇ ಬಿಲ್ಡ್ ಫೈಲಿರುವ ಭಾಗಗಳು) ಹತ್ತು ದಾಟಿದವೆಂದರೆ ಜಾವಾ ವರ್ಶನ್, ಕಂಪೈಲರ್ ಫ್ಲ್ಯಾಗ್, ಟೆಸ್ಟ್ ಸೆಟ್ಟಿಂಗ್ ಇವನ್ನೆಲ್ಲ ಪ್ರತಿ ಬಿಲ್ಡ್ ಫೈಲಿಗೂ ಕಾಪಿ-ಪೇಸ್ಟ್ ಮಾಡುತ್ತ ಕೂರಲು ಆಗುವುದಿಲ್ಲ. ಒಂದೇ ಕಡೆ ಬರೆದು ಎಲ್ಲಕ್ಕೂ ಹಂಚುವ ನಾಲ್ಕು ದಾರಿಗಳನ್ನು ಒಂದೇ ಪ್ರಾಜೆಕ್ಟಿನ ಮೇಲೆ ಹಾಕಿ ನೋಡಿದೆ. ನನಗೆ ಮುಖ್ಯವಾಗಿದ್ದ ಪ್ರಶ್ನೆ ಒಂದೇ: ಯಾವುದೋ ಮಾಡ್ಯೂಲಿನ ಫೈಲು ತೆರೆದವರಿಗೆ, ಅದರ ಸೆಟ್ಟಿಂಗ್ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆಯೇ?

ರೂಟ್ ಫೈಲಿನಲ್ಲಿ ‘ಸಬ್‌ಪ್ರಾಜೆಕ್ಟ್ಸ್’ ಬ್ಲಾಕ್ ಬರೆದು ಎಲ್ಲ ಮಾಡ್ಯೂಲುಗಳಿಗೂ ಅಲ್ಲಿಂದಲೇ ಸೆಟ್ಟಿಂಗ್ ಹಾಕುವುದು ಎಲ್ಲಕ್ಕಿಂತ ಸುಲಭ. ಈ ಪ್ರಶ್ನೆಯಲ್ಲಿ ಮೊದಲು ಸೋತದ್ದೂ ಅದೇ. ಮಾಡ್ಯೂಲಿನ ಫೈಲಿನಲ್ಲಿ ಸುಳಿವೇ ಇರುವುದಿಲ್ಲ. ಆಂಡ್ರಾಯ್ಡ್ ಮಾಡ್ಯೂಲೊಂದು, ಬರೀ ಜಾವಾ ಮಾಡ್ಯೂಲೊಂದು ಜೊತೆಗೂಡಿದ ಕೂಡಲೇ ಬ್ಲಾಕಿನೊಳಗೆ ‘ಇಂಥ ಪ್ಲಗಿನ್ ಇದ್ದರೆ ಮಾತ್ರ’ ಎಂಬ ಷರತ್ತುಗಳು ಬೆಳೆಯತೊಡಗುತ್ತವೆ. ಒಂದು ಪ್ರಾಜೆಕ್ಟು (ಗ್ರೇಡಲ್‌ಗೆ ಪ್ರತಿ ಮಾಡ್ಯೂಲೂ ಒಂದು ಪ್ರಾಜೆಕ್ಟು) ಇನ್ನೊಂದರ ಕಾನ್ಫಿಗರೇಶನ್ನಿಗೆ ಕೈಹಾಕುವುದರಿಂದ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕಾನ್ಫಿಗರ್ ಮಾಡುವ ಗ್ರೇಡಲ್‌ನ ಪ್ರಾಜೆಕ್ಟ್ ಐಸೊಲೇಶನ್‌ಗೂ ಇದು ಅಡ್ಡಿ.

‘ಅಪ್ಲೈ ಫ್ರಮ್’ ಒಂದು ಮೆಟ್ಟಿಲು ಮೇಲು. ಬೇಕಾದ ಮಾಡ್ಯೂಲು ಬೇಕಾದ ಸ್ಕ್ರಿಪ್ಟನ್ನು ತಾನೇ ಹೆಸರಿಸಿ ಕರೆಯುತ್ತದೆ. ಬಿಲ್ಡ್ ಫೈಲುಗಳನ್ನು ಗ್ರೂವಿ ಅಥವಾ ಕಾಟ್ಲಿನ್ ಭಾಷೆಯಲ್ಲಿ ಬರೆಯಬಹುದು. ಗ್ರೂವಿಯಲ್ಲಿ ಚೆನ್ನಾಗಿಯೇ ನಡೆಯಿತು. ಕಾಟ್ಲಿನ್ ಡಿಎಸ್‌ಎಲ್‌ಗೆ (ಬಿಲ್ಡ್ ಫೈಲು ಬರೆಯುವ ಕಾಟ್ಲಿನ್ ರೂಪ) ಬಂದಾಗ ರುಚಿ ಕೆಟ್ಟಿತು: ಗ್ರೂವಿಯಲ್ಲಿದ್ದಂತೆ ಇಲ್ಲೂ ಹೀಗೆ ಕರೆಸಿಕೊಂಡ ಸ್ಕ್ರಿಪ್ಟಿನಲ್ಲಿ ‘ಪ್ಲಗಿನ್ಸ್’ ಬ್ಲಾಕ್ ಬರೆಯುವಂತಿಲ್ಲ, ಮೇಲಾಗಿ ಟೈಪ್-ಸೇಫ್ ಆಕ್ಸೆಸರ್‌ಗಳೂ (ಸೆಟ್ಟಿಂಗನ್ನು ನೇರ ಹೆಸರಿನಿಂದ ಕರೆಯುವ, ತಪ್ಪಿದ್ದರೆ ಕಂಪೈಲ್ ಹೊತ್ತಿಗೇ ತಿಳಿಸುವ ದಾರಿ) ಸಿಗುವುದಿಲ್ಲ. ಎರಡು ಸಾಲಿನ ಕೆಲಸಕ್ಕೆ ಎಕ್ಸ್‌ಟೆನ್ಶನ್ ಕ್ಲಾಸಿನ (ಪ್ಲಗಿನ್ನಿನ ಸೆಟ್ಟಿಂಗುಗಳಿರುವ ಕ್ಲಾಸು) ಪೂರ್ತಿ ಹೆಸರು ಹಿಡಿದು ಕಾನ್ಫಿಗರ್ ಮಾಡಬೇಕು.

ನಿಜವಾದ ಪೈಪೋಟಿ ಇದ್ದದ್ದು ಉಳಿದೆರಡರ ನಡುವೆ. ಎರಡರಲ್ಲೂ ಬರೆಯುವುದು ಕನ್ವೆನ್ಶನ್ ಪ್ಲಗಿನ್ನನ್ನೇ, ಅಂದರೆ ತಂಡದ ಸಾಮಾನ್ಯ ಸೆಟ್ಟಿಂಗುಗಳನ್ನು ಕಟ್ಟಿಟ್ಟ ಪ್ಲಗಿನ್ನನ್ನು. ಸ್ಕ್ರಿಪ್ಟ್ ಫೈಲಿನ ಹೆಸರೇ ಪ್ಲಗಿನ್ ಐಡಿ ಆಗುತ್ತದೆ, ಮಾಡ್ಯೂಲು ಒಂದು ಸಾಲಿನಲ್ಲಿ ಅದನ್ನು ಹಾಕಿಕೊಳ್ಳುತ್ತದೆ. ವ್ಯತ್ಯಾಸ ಆ ಪ್ಲಗಿನ್ ಎಲ್ಲಿ ವಾಸವಾಗಿದೆ ಎಂಬುದರಲ್ಲಿದೆ.

‘ಬಿಲ್ಡ್‌ಸೋರ್ಸ್’ ಫೋಲ್ಡರಾದರೆ ಗ್ರೇಡಲ್ ತಾನಾಗಿಯೇ ಗುರುತಿಸುತ್ತದೆ, ಸಿದ್ಧತೆ ಬಹಳ ಕಡಿಮೆ. ಆದರೆ ಅದು ಪ್ರತಿ ಬಿಲ್ಡ್ ಸ್ಕ್ರಿಪ್ಟಿನ ಕ್ಲಾಸ್‌ಪಾತ್‌ನಲ್ಲೂ (ಸ್ಕ್ರಿಪ್ಟು ಬಳಸಬಲ್ಲ ಕೋಡಿನ ಪಟ್ಟಿ) ಕೂತಿರುತ್ತದೆ. ಅಲ್ಲಿನ ಕೋಡು ಬದಲಾದರೆ ಅದಕ್ಕೆ ಸಂಬಂಧವೇ ಇಲ್ಲದ ಮಾಡ್ಯೂಲುಗಳ ಸ್ಕ್ರಿಪ್ಟುಗಳಿಗೂ ಬಿಸಿ ತಟ್ಟುತ್ತದೆ. ಲೈಬ್ರರಿ ವರ್ಶನ್‌ಗಳನ್ನೆಲ್ಲ ಅಲ್ಲೇ ಕಾಟ್ಲಿನ್ ಕಾನ್‌ಸ್ಟಂಟುಗಳಾಗಿ ಇಡುವ ಚಾಳಿ ಹಲವು ತಂಡಗಳಲ್ಲಿತ್ತು. ಒಂದು ಅಂಕಿ ಏರಿಸಿದರೆ ಇಡೀ ಬಿಲ್ಡ್ ಏದುಸಿರು ಬಿಡುತ್ತಿದ್ದುದು ಅದಕ್ಕೇ. 2023ರಲ್ಲಿ ಬಂದ ಗ್ರೇಡಲ್ 8.0ರಿಂದ ಬಿಲ್ಡ್‌ಸೋರ್ಸ್ ಮೊದಲಿಗಿಂತ ಹಗುರ: ಅದರ ಟೆಸ್ಟುಗಳು ಪ್ರತಿ ಸಲವೂ ತಾವಾಗಿ ಓಡುವುದಿಲ್ಲ. ಕ್ಲಾಸ್‌ಪಾತ್‌ನ ತೊಡಕು ಮಾತ್ರ ಹೋಗಿಲ್ಲ.

‘ಬಿಲ್ಡ್-ಲಾಜಿಕ್’ ಎಂಬ ಬೇರೆ ಬಿಲ್ಡನ್ನೇ ಮಾಡಿ, ಸೆಟ್ಟಿಂಗ್ಸ್ ಫೈಲಿನ ಪ್ಲಗಿನ್ ಮ್ಯಾನೇಜ್‌ಮೆಂಟ್ ಬ್ಲಾಕಿನಲ್ಲಿ ‘ಇನ್‌ಕ್ಲೂಡ್ ಬಿಲ್ಡ್’ ಎಂದು ಸೇರಿಸಿದರೆ ಈ ತೊಡಕು ಬಹುಪಾಲು ತಪ್ಪುತ್ತದೆ. ಯಾವ ಮಾಡ್ಯೂಲು ಪ್ಲಗಿನ್ ಹಾಕಿಕೊಂಡಿದೆಯೋ ಬದಲಾವಣೆ ಅದಕ್ಕಷ್ಟೇ ತಾಗುತ್ತದೆ. ನನ್ನ ಮತ ಇದಕ್ಕೇ, ಆದರೂ ಕಿರಿಕಿರಿ ಇಲ್ಲವೆನ್ನಲಾರೆ. ಕನ್ವೆನ್ಶನ್ ಪ್ಲಗಿನ್ನಿನೊಳಗೆ ಇನ್ನೊಂದು ಪ್ಲಗಿನ್ ಬೇಕಾದರೆ ಅದರ ಐಡಿ ಸಾಲದು, ಮೇವೆನ್ ವಿಳಾಸ (ಗುಂಪು, ಹೆಸರು, ವರ್ಶನ್) ಹುಡುಕಿ ಬಿಲ್ಡ್-ಲಾಜಿಕ್‌ನ ಡಿಪೆಂಡೆನ್ಸಿಗೆ ಸೇರಿಸಬೇಕು. ವರ್ಶನ್ ಕ್ಯಾಟಲಾಗಿನ (ಲೈಬ್ರರಿ-ವರ್ಶನ್‌ಗಳನ್ನು ಒಂದೇ ಕಡೆ ಇಡುವ ಪಟ್ಟಿ) ‘ಲಿಬ್ಸ್’ ಆಕ್ಸೆಸರ್ ಕನ್ವೆನ್ಶನ್ ಪ್ಲಗಿನ್ನಿನೊಳಗೆ ನೇರವಾಗಿ ಸಿಗದು. ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟು ಹುಡುಕಬೇಕು, ಅಕ್ಷರ ತಪ್ಪಿದರೆ ತಿಳಿಯುವುದು ಬಿಲ್ಡ್ ಓಡಿಸಿದ ಮೇಲೆಯೇ.

ಅಂದಹಾಗೆ, 7.0ರಲ್ಲಿ ಪ್ರಯೋಗವಾಗಿ ಬಂದು 7.4ರಲ್ಲಿ ಸ್ಥಿರವಾದ ಆ ವರ್ಶನ್ ಕ್ಯಾಟಲಾಗನ್ನು ಈ ನಾಲ್ಕರ ಎದುರಾಳಿಯೆಂದು ಕೆಲವರು ನಿಲ್ಲಿಸುತ್ತಾರೆ. ಅದು ಲೈಬ್ರರಿ, ಪ್ಲಗಿನ್ನುಗಳ ಹೆಸರು-ವರ್ಶನ್ ಪಟ್ಟಿ ಅಷ್ಟೇ. ಕಂಪೈಲರ್ ಫ್ಲ್ಯಾಗನ್ನು ಅದು ಹಾಕಿಕೊಡುವುದಿಲ್ಲ. ಬಿಲ್ಡ್-ಲಾಜಿಕ್ ಪಕ್ಕದಲ್ಲಿ ಅದೂ ಇರಲಿ.

ಮಾಡ್ಯೂಲು ಎರಡೋ ಮೂರೋ ಇದ್ದರೆ ಇಷ್ಟು ಸರಂಜಾಮು ಬೇಡ, ಬಿಲ್ಡ್‌ಸೋರ್ಸ್ ಸಾಕು. ಸಬ್‌ಪ್ರಾಜೆಕ್ಟ್ಸ್‌ನಿಂದ ಹೊರಬರುವವರು ಒಂದೇ ಏಟಿಗೆ ಬದಲಿಸಬೇಕಿಲ್ಲ. ಮೊದಲು ಎಲ್ಲ ಮಾಡ್ಯೂಲುಗಳಿಗೂ ಹೊಸ ಪ್ಲಗಿನ್ ಹಾಕಿ, ಆಮೇಲೆ ರೂಟಿನ ಬ್ಲಾಕಿನಿಂದ ಒಂದೊಂದೇ ಸಾಲು ತೆಗೆಯುತ್ತ ಬಿಲ್ಡ್ ಓಡಿಸಿ ನೋಡಬಹುದು.