ಒಂದೇ ಹಾಡು, ಒಂದು ಇಡೀ ಪಾಠ: ಟುಲೂಸ್‌ನ ಫ್ರೆಂಚ್ ತರಗತಿ

ಫ್ರಾನ್ಸ್‌ನ ಟುಲೂಸ್ ನಗರದ ನಮ್ಮ ಬಡಾವಣೆಯ ಸಂಘವೊಂದು ವಾರಕ್ಕೊಂದು ಸಂಜೆ ಹಾಡುಗಳ ಮೂಲಕ ಫ್ರೆಂಚ್ ಕಲಿಸುತ್ತದೆ. ಪತಿಗೆ ವಿಮಾನ ತಯಾರಿಕೆಯಲ್ಲಿ ಕೆಲಸ ಸಿಕ್ಕಿ ಬೆಂಗಳೂರಿನಿಂದ ಇಲ್ಲಿಗೆ ಬಂದು, ಈಗ ಸ್ವಂತ ಕೆಲಸ ಹುಡುಕುತ್ತಿರುವ ನನ್ನಂಥವರು ಇದಕ್ಕೆ ಖಂಡಿತ ಸೇರಬೇಕು.

ಈ ಬಾರಿ ಆರಿಸಿದ್ದು ಫ್ರೆಂಚ್ ಗಾಯಕಿ ಎಡಿತ್ ಪಿಯಾಫ್ ಬರೆದು, ಮಾರ್ಗರಿತ್ ಮೊನೊ ಸಂಗೀತ ನೀಡಿದ 'ಇಮ್ನ್ ಆ ಲಾಮೂರ್', ಅಂದರೆ ಪ್ರೀತಿಯ ಸ್ತುತಿಗೀತೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಐಫೆಲ್ ಗೋಪುರದ ಮೇಲಿಂದ ಸೆಲೀನ್ ಡಿಯೋನ್ ಹಾಡಿದ್ದು ಇದನ್ನೇ. ಬಾಕ್ಸರ್ ಮಾರ್ಸೆಲ್ ಸೆರ್ದಾನ್ ಮೇಲಿನ ಪಿಯಾಫ್ ಪ್ರೀತಿಯ ಹಾಡು ಇದು. ಅವನ ಸಾವಿನ ನಂತರ ಬರೆದದ್ದೆಂದು ನಾನು ಕೇಳಿದ್ದೆ. ನಿಜಕ್ಕೂ 1949ರ ಸೆಪ್ಟೆಂಬರ್‌ನಲ್ಲೇ ನ್ಯೂಯಾರ್ಕ್‌ನಲ್ಲಿ ಪಿಯಾಫ್ ಇದನ್ನು ಹಾಡಿಯಾಗಿತ್ತು. ಮರುತಿಂಗಳು ಆಕೆಯನ್ನು ಕಾಣಲು ಹೊರಟ ಸೆರ್ದಾನ್ ಅಜೋರ್ಸ್ ದ್ವೀಪಗಳಲ್ಲಿ ವಿಮಾನ ದುರಂತಕ್ಕೆ ಬಲಿಯಾದ. ಶಿಕ್ಷಕಿ ಇಷ್ಟನ್ನೂ ಹೇಳಿದ ಮೇಲೆ, ಪ್ರಿಯಕರನ ಸಾವನ್ನು ಊಹಿಸುವ ಕೊನೆಯ ಚರಣದ ಒಂದು ಪದವೂ ಮರೆಯಲಿಲ್ಲ.

ಪದ ಕಲಿಸುವ ರೀತಿಯೇ ಈ ತರಗತಿಯ ಹೆಚ್ಚುಗಾರಿಕೆ. 'ದೆಕ್ರೋಶೆ' ಎಂದರೆ ಕೊಕ್ಕೆಯಿಂದ ಬಿಡಿಸಿ ತೆಗೆಯುವುದು. ಹಾಡಿನಲ್ಲಿ ಪ್ರೇಯಸಿ ಚಂದ್ರನನ್ನೇ ಹಾಗೆ ಇಳಿಸಿ ತರಲು ಸಿದ್ಧಳು. ದೂರವಾಣಿ ಎತ್ತುವುದಕ್ಕೂ ಕೆಲಸ ಗಿಟ್ಟಿಸುವುದಕ್ಕೂ ಇದೇ ಕ್ರಿಯಾಪದ ಎಂದು ಶಿಕ್ಷಕಿ ಹಲಗೆಯ ಮೇಲೆ ಬರೆದರು. ಉದ್ಯೋಗ ಕಚೇರಿಯ ಕರಪತ್ರದಲ್ಲಿ ಅದು ಕಣ್ಣಿಗೆ ಬಿದ್ದಾಗ ನಿಘಂಟಿನ ಗೊಡವೆ ಬೇಕಾಗಲಿಲ್ಲ.

ವ್ಯಾಕರಣವೂ ಹಾಡಿನೊಳಗೇ ಇದೆ. ನೀನು ಕೇಳಿದರೆ ಅದು ಮಾಡುವೆ, ಇದು ಮಾಡುವೆ ಎಂದು ಆಕೆ ಹೇಳುತ್ತಾ ಹೋಗುವಾಗ, 'ಸಿ' (ಕನ್ನಡದ 'ಕೇಳಿದರೆ'ಯಲ್ಲಿನ 'ರೆ') ನಂತರ ಅಪೂರ್ಣ ಭೂತಕಾಲ, ಉಳಿದರ್ಧದಲ್ಲಿ ಷರತ್ತಿನ ರೂಪ ಎಂಬ ಸೂತ್ರ ಕಿವಿಗೆ ಅಂಟಿಕೊಳ್ಳುತ್ತದೆ. ಆಮೇಲೆ ನಮ್ಮದೇ ವಾಕ್ಯ ಕಟ್ಟಬೇಕು. ಬ್ರೆಜಿಲ್‌ನ ಹುಡುಗಿ 'ಅಮ್ಮ ಕೇಳಿದರೆ ನಾಳೆಯೇ ಊರಿಗೆ ಹೋಗುವೆ' ಎಂದಳು. 'ನೀವು ಕೇಳಿದರೆ ಎಲ್ಲರಿಗೂ ಬಿಸಿಬೇಳೆಬಾತ್ ಮಾಡುವೆ' ಎಂದು ನಾನು ಹೇಳಿದ್ದೇ ತಡ, ಶಿಕ್ಷಕಿ ಕೇಳಿಯೇಬಿಟ್ಟರು! ಮುಂದಿನ ವಾರ ದೊಡ್ಡ ಪಾತ್ರೆ ಹೊತ್ತುಕೊಂಡು ಹೋದೆ.

ಕೊರತೆ ಉಚ್ಚಾರಣೆಯಲ್ಲಿದೆ. ಪಿಯಾಫ್ 'ರ'ಕಾರವನ್ನು ಉರುಳಿಸಿ ಹಾಡುತ್ತಾರೆ. ಮಾತಿನಲ್ಲಿ ನುಂಗಿಹೋಗುವ ಕೊನೆಯ 'ಎ' ಸ್ವರವೂ ಹಾಡಿನಲ್ಲಿ ಕೇಳಿಸುತ್ತದೆ. ಬೇಕರಿಯಲ್ಲಿ ಹಾಗೆ ಮಾತನಾಡುವವರಿಲ್ಲ. ಹಾಡಿದ್ದನ್ನು ಒಮ್ಮೆ ಮಾತಿನ ಧಾಟಿಯಲ್ಲಿ ಓದಿಸಿದ್ದರೆ ತರಗತಿ ಪೂರ್ಣವಾಗುತ್ತಿತ್ತು. ಅಂಗಡಿ, ವೈದ್ಯರು, ಬಾಡಿಗೆ ಪತ್ರ ಇವುಗಳ ಭಾಷೆಯನ್ನು ಬೇರೆಡೆಯೇ ಕಲಿಯಬೇಕು. ತೀರಾ ಹೊಸಬರಿಗೂ ಇದು ಕಷ್ಟ. ಯುರೋಪಿನ ಭಾಷಾ ಮಾಪನದ ಎರಡನೇ ಹಂತವಾದ ಎ2 ಮಟ್ಟದ ಹತ್ತಿರ ಬಂದಿರಬೇಕು.

ಇಂಥ ತರಗತಿ ಬೇಕೆನ್ನುವವರು ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ಊರುಗಳಲ್ಲಿ ನಡೆಯುವ ಸಂಘಗಳ ಮೇಳದಲ್ಲಿ ವಿಚಾರಿಸಿ.