ಮುದುಕನ ರೆಕ್ಕೆಗೆ ಯಾವ ಅರ್ಥ?

ಕೊಲಂಬಿಯಾದ ಲೇಖಕ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ 1968ರಲ್ಲಿ ಬರೆದ, ದೊಡ್ಡ ರೆಕ್ಕೆಗಳಿರುವ ಮುದುಕನ ಕಥೆ. ಅವನನ್ನು ದೇವದೂತ ಅಂತ ಓದಬೇಕೋ, ದಿಕ್ಕಿಲ್ಲದೆ ಬಂದ ಪರದೇಶಿ ಅಂತಲೋ ಎಂದು ಕೇಳಿದ್ದೀರಿ.

ಪುರಾವೆ ಎರಡಕ್ಕೂ ಸಿಗುತ್ತದೆ. ದೇವದೂತನ ಪರವಾಗಿ ಪವಾಡಗಳಿವೆ, ಆದರೆ ಎಲ್ಲ ಸೊಟ್ಟ! ಕುರುಡನಿಗೆ ಕಣ್ಣು ಬರಲಿಲ್ಲ, ಮೂರು ಹೊಸ ಹಲ್ಲು ಬಂದವು. ಪಾದ್ರಿಗಂತೂ ಅನುಮಾನವೇ, ಇವನಿಗೆ ಚರ್ಚಿನ ಭಾಷೆ ಲ್ಯಾಟಿನ್ ಬರಲ್ಲ, ಮೈ ಬೇರೆ ನಾರುತ್ತದೆ.

ಪರದೇಶಿ ಅನ್ನಲು ಕಷ್ಟವೇ ಇಲ್ಲ. ಯಾರಿಗೂ ತಿಳಿಯದ ಭಾಷೆ, ಕೋಳಿಗೂಡಿನ ವಾಸ. ಅವನು ಬಂದು ಬಿದ್ದದ್ದು ಒಂದು ದಂಪತಿಯ ಅಂಗಳದಲ್ಲಿ; ಅವನನ್ನು ತೋರಿಸಿ ಐದೈದು ಸೆಂಟ್ ವಸೂಲಿ ಮಾಡಿದ ಅವರು ಎರಡಂತಸ್ತಿನ ಮನೆ ಕಟ್ಟುತ್ತಾರೆ. ತೊಡಕು ಒಂದೇ: ಈ ಓದಿನಲ್ಲಿ ರೆಕ್ಕೆ ಸುಮ್ನೆ ಅಲಂಕಾರ ಆಗಿಬಿಡುತ್ತದೆ. ಆದರೆ ಕೊನೆಗೆ ಅವನು ನಿಜವಾಗಿ ಹಾರಿ ಹೋಗುತ್ತಾನೆ, ಅಲ್ವಾ?

ವಲಸೆ, ಕ್ರೌರ್ಯದ ಬಗ್ಗೆ ಪ್ರಬಂಧ ಬರೆಯುವುದಾದರೆ ಪರದೇಶಿ ಜಾಸ್ತಿ ಕೆಲಸಕ್ಕೆ ಬರುತ್ತಾನೆ. ನಂಬಿಕೆ ಹೇಗೆ ಹಳಸುತ್ತದೆ ಅನ್ನುವುದು ವಿಷಯವಾದರೆ ದೇವದೂತ. ಜಾತ್ರೆಯ ಪ್ರದರ್ಶನಕ್ಕೆ ಜೇಡವಾದ ಹುಡುಗಿ ಬಂದೊಡನೆ ಜನ ಇವನನ್ನು ಮರೆತದ್ದು ನೆನಪಿರಲಿ. ಗೆಳೆಯರ ಜೊತೆ ಹರಟಲು ಓದುತ್ತಿದ್ದರೆ ತೀರ್ಮಾನಿಸಲೇಬೇಡಿ. ನಾನಂತೂ ಹಾಗೇ ಓದುವುದು. ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆದರೆ ಅಂಕ ಸಿಗುವುದು ಕಷ್ಟ.